‘ಹೆಪ್ಪುಗಟ್ಟಿಸು’ ಬೇಡ ಅಂದರೆ ಮತ್ತೇನು? (ಕ್ರಯೋಪ್ರಿಸರ್ವೇಶನ್)

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಒಂದು ಅಂಗಾಂಗ ದಾನ ಶಿಬಿರಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಈಗ ಐಸ್ ಪೆಟ್ಟಿಗೆಯಲ್ಲಿಟ್ಟ ಹೃದಯ ಸುಮಾರು 4ರಿಂದ 6 ಗಂಟೆ ಮಾತ್ರ ಬಾಳುತ್ತದೆ. ಅಂಗವನ್ನು ತೀರಾ ತಣ್ಣಗೆ ಮಾಡಿ ತಿಂಗಳುಗಟ್ಟಲೆ ಇಟ್ಟು, ಬೇಕಾದಾಗ ಮೊದಲಿನ ಸ್ಥಿತಿಗೆ ತರಲು ಆದರೆ ಎಷ್ಟೋ ಜೀವ ಉಳಿಯುತ್ತವೆ. ಹೀಗೆ ತೀರಾ ತಣ್ಣಗೆ ಕಾಪಿಡುವುದೇ ಕ್ರಯೋಪ್ರಿಸರ್ವೇಶನ್. ಇದನ್ನು ಕನ್ನಡದಲ್ಲಿ ಸಾಮಾನ್ಯವಾಗಿ ‘ಹೆಪ್ಪುಗಟ್ಟಿಸುವುದು’ ಎಂದು ಬರೆಯುತ್ತಾರೆ. ನನ್ನ ತಕರಾರು ಈ ಪದದ್ದೇ.

ದವಾಖಾನೆಯಲ್ಲಿ ಹೆಪ್ಪುಗಟ್ಟುವುದು ಎಂದರೆ ಜನರಿಗೆ ಮೊದಲು ನೆನಪಾಗುವುದು ರಕ್ತ. ‘ಹೆಪ್ಪುಗಟ್ಟಿಸಿದ ಕಿಡ್ನಿ’ ಅಂದರೆ ಕೆಟ್ಟ ಕಿಡ್ನಿ ಅಂದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯ, ಒಳಗಿನ ನೀರು ಐಸ್ ಆಗಲೇಬಾರದು ಎನ್ನುವುದೇ ಈ ವಿಧಾನದ ಜೀವಾಳ. ಐಸ್ ಹರಳು ಮೂಡಿದರೆ ಜೀವಕೋಶಗಳು ಹಾಳಾಗುತ್ತವೆ. ಅದಕ್ಕೇ ರಕ್ತನಾಳಗಳಲ್ಲಿ ರಕ್ಷಕ ದ್ರಾವಣ ತುಂಬಿ ಬೇಗ ತಣಿಸುತ್ತಾರೆ. ಆಗ ಒಳಗಿನ ನೀರು ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಮಾಡುವ ಸಕ್ಕರೆ ಆರತಿಯಲ್ಲಿ ಪಾಕ ಹರಳುಗಟ್ಟಿ ಬೆಳ್ಳಗಾಗುತ್ತದೆ, ಅಲ್ವಾ? ಅದೇ ಸಕ್ಕರೆ ಪಾರದರ್ಶಕ ಪೆಪ್ಪರಮಿಂಟಿನಲ್ಲಿ ಹರಳಿಲ್ಲದೆಯೇ ಗಟ್ಟಿಯಾಗಿರುತ್ತದೆ. ಅಂಗಕ್ಕೆ ಬೇಕಾದದ್ದು ಎರಡನೆಯದು.

ಹಾಗಾಗಿ ‘ಗಾಜುಗಟ್ಟಿಸು’ ಎಂದು ಬರೆದಿದ್ದೇನೆ. ಹರಳುಗಟ್ಟು, ಕೆನೆಗಟ್ಟು ಇದ್ದ ಮೇಲೆ ಇದೂ ಕಿವಿಗೆ ಒಗ್ಗುತ್ತದೆ ಎಂದು ನನ್ನ ನಂಬಿಕೆ. ‘ಘನೀಕರಣ’ದಲ್ಲಿ ಹರಳಿಗೂ ಗಾಜಿಗೂ ಫರಕು ಕಾಣುವುದಿಲ್ಲ.

ತಣ್ಣಗಿಟ್ಟ ಅಂಗವನ್ನು ಹೊರತೆಗೆದು ಮತ್ತೆ ಬಿಸಿ ಮಾಡುವ ಕೆಲಸಕ್ಕೂ ಪದ ಬೇಕು. ಐಸೇ ಇಲ್ಲದ ಮೇಲೆ ‘ಕರಗಿಸು’ ಹೊಂದುವುದಿಲ್ಲ. ನಿಜವಾದ ಕಷ್ಟ ಇರುವುದೂ ಇಲ್ಲೇ. ನಿಧಾನ ಮಾಡಿದರೆ ಆಗ ಹರಳು ಮೂಡುತ್ತದೆ, ಒಂದೇ ಸಮ ಬಿಸಿಯಾಗದಿದ್ದರೆ ಅಂಗ ಬಿರುಕು ಬಿಡುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇಲಿಯ ಕಿಡ್ನಿಗಳಲ್ಲಿ ಕಬ್ಬಿಣದ ಆಕ್ಸೈಡ್‌ನ ಅತಿ ಸಣ್ಣ ಕಣಗಳನ್ನು ತುಂಬಿ, ಕಾಂತಕ್ಷೇತ್ರದಿಂದ ಒಳಗಿನಿಂದಲೇ ಬಿಸಿ ಮಾಡಿದರು. 100 ದಿನದವರೆಗೆ ಇಟ್ಟಿದ್ದ ಕಿಡ್ನಿಗಳನ್ನು ಇಲಿಗಳಿಗೆ ಜೋಡಿಸಿದಾಗ ಅವು ಕೆಲಸ ಮಾಡಿದವು. ಇದು 2023ರಲ್ಲಿ ಪ್ರಕಟವಾಯಿತು. ಮನುಷ್ಯರ ಅಂಗದಲ್ಲಿ ಇನ್ನೂ ಇಷ್ಟು ಸಾಧ್ಯವಾಗಿಲ್ಲ. ಭ್ರೂಣದ ಮಾತು ಬೇರೆ, ತೀರಾ ತಣ್ಣಗಿಟ್ಟಿದ್ದ ಭ್ರೂಣದಿಂದ 1984ರಲ್ಲೇ ಮಗು ಹುಟ್ಟಿದೆ. ಈ ಬಿಸಿ ಮಾಡುವುದಕ್ಕೆ ‘ಮರುಬೆಚ್ಚಗೆ’ ಎಂದು ಬರೆದರೆ ತೊಡಕಾಗುತ್ತದೆ. ‘ಕಾವು ಕೊಡು’ ಅಂದರೆ ಮೊಟ್ಟೆ ನೆನಪಾಗುತ್ತದೆ.

ಇನ್ನು ‘ರಿವರ್ಸಿಬಲ್’, ಅಂದರೆ ತಣಿಸಿದ ಅಂಗವನ್ನು ಮತ್ತೆ ಮೊದಲಿನ ಸ್ಥಿತಿಗೆ ತರಬಹುದು ಎನ್ನುವುದು. ‘ಪುನರುಜ್ಜೀವನ’ ಎಂದು ಖಂಡಿತ ಬರೆಯುವುದಿಲ್ಲ. ಸತ್ತವರನ್ನು ಎಬ್ಬಿಸುತ್ತಾರೆ ಎಂಬ ಸುಳ್ಳು ಆಸೆ ಹುಟ್ಟುತ್ತದೆ. ‘ಮೊದಲಿನಂತಾಗುವ’ ಸಾಕೇ?

ಹುಬ್ಬಳ್ಳಿ-ಧಾರವಾಡದ ದವಾಖಾನೆಗಳಲ್ಲಿ, ಪಶು ಆಸ್ಪತ್ರೆಗಳಲ್ಲಿ ತೀರಾ ತಣ್ಣಗಿಡುವ ದ್ರವ ನೈಟ್ರೋಜನ್ ಕ್ಯಾನಿನ ಜೊತೆ ಕೆಲಸ ಮಾಡುವವರು ಈ ತಣಿಸುವ, ಮತ್ತೆ ಬಿಸಿ ಮಾಡುವ ಕೆಲಸಗಳಿಗೆ ಮಾತಿನಲ್ಲಿ ಏನೆನ್ನುತ್ತೀರಿ? ದಯವಿಟ್ಟು ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ತಿದ್ದಿಕೊಳ್ಳುತ್ತೇನೆ.