ಲಿಬರಲ್ ಆರ್ಟ್ಸ್ ಓದಲು ಅಮೆರಿಕಕ್ಕೆ: ಹಣದ ಮಾತು ಮೊದಲು

ಪ್ರಶ್ನೆ (ಶಿವಮೊಗ್ಗ ಕಡೆಯ ಒಬ್ಬ ತಂದೆ): ನಮಸ್ಕಾರ ಮೇಡಂ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಅವಳಿಗೆ ಬಯಾಲಜಿಯೂ ಬೇಕು, ಇತಿಹಾಸವೂ ಬೇಕು. ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. ನೆಂಟರೆಲ್ಲ "ಆರ್ಟ್ಸ್ ಓದೋಕೆ ಅಷ್ಟು ದೂರ ಯಾಕೆ?" ಎಂದು ಕೇಳುತ್ತಿದ್ದಾರೆ. ವರ್ಷಕ್ಕೆ 80 ಸಾವಿರ ಡಾಲರ್‌ಗೂ ಜಾಸ್ತಿ ಖರ್ಚಂತೆ. ನಾನು ಹೈಸ್ಕೂಲ್ ಮೇಷ್ಟ್ರು. ಎರಡು ಎಕರೆ ಅಡಿಕೆ ತೋಟ ಇದೆ. ತೋಟ ಅಡ ಇಡಲಾ, ಇಲ್ಲ ಆಸೆ ಬಿಡು ಎಂದು ಹೇಳಿಬಿಡಲಾ?

ಉತ್ತರ (ಅಮೆರಿಕದ ಸಣ್ಣ ಕಾಲೇಜೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಸಲಹೆಗಾರ್ತಿ): ಮೇಷ್ಟ್ರೇ, ಎರಡೂ ಬೇಡ.

ಮೊದಲು ನೆಂಟರ ಪ್ರಶ್ನೆ. ನಮ್ಮಲ್ಲಿ ಆರ್ಟ್ಸ್ ಅಂದರೆ ಸೈನ್ಸ್ ಅಲ್ಲದ್ದು. ಇಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಅಂದರೆ ಫಿಸಿಕ್ಸ್, ಗಣಿತ, ಇತಿಹಾಸ, ಸಂಗೀತ ಎಲ್ಲವೂ ಒಂದೇ ಕಡೆ ಸಿಗುವ ಜಾಗ. ನಾಲ್ಕು ವರ್ಷದ ಓದು. ಮುಖ್ಯ ವಿಷಯ ಯಾವುದು ಎಂದು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯೊಳಗೆ ಹೇಳಿದರೆ ಸಾಕು. ಬೆಳಿಗ್ಗೆ ಲ್ಯಾಬಿನಲ್ಲಿ ಜೀವಕೋಶ ನೋಡಿ, ಮಧ್ಯಾಹ್ನ ಇತಿಹಾಸದ ತರಗತಿಗೆ ಹೋಗುವ ಮಕ್ಕಳು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಇದ್ದಾರೆ. ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಘಾನಾದಿಂದ ಬಂದು, 1961ರಲ್ಲಿ ಮಿನೆಸೋಟದ ಮೆಕಾಲೆಸ್ಟರ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪದವಿ ಪಡೆದರು. ಅದೂ ಇಂಥದೇ ಕಾಲೇಜು.

ಈಗ ಹಣ. 80 ಸಾವಿರ ಅನ್ನುವುದು ಬೋರ್ಡಿನ ಮೇಲಿನ ಬೆಲೆ. ಕೆಲವು ಕಾಲೇಜುಗಳು ಮನೆಯವರಿಗೆ ಎಷ್ಟು ಕೊಡಲು ಆಗುತ್ತದೆ ಎಂದು ಲೆಕ್ಕ ಹಾಕಿ, ಉಳಿದದ್ದನ್ನು ತಾವೇ ತುಂಬುತ್ತವೆ. ಅದರಲ್ಲೂ ಎರಡು ಬಗೆ. ಆಮ್‌ಹರ್ಸ್ಟ್, ಬೋಡನ್ ಕಾಲೇಜುಗಳು ಸೀಟು ಕೊಡುವಾಗ ವಿದೇಶಿ ಮಕ್ಕಳ ಮನೆಯ ಹಣಕಾಸನ್ನು ನೋಡುವುದೇ ಇಲ್ಲ. ಅಲ್ಲಿ ಸ್ಪರ್ಧೆ ವಿಪರೀತ. ಗ್ರಿನೆಲ್, ಮೆಕಾಲೆಸ್ಟರ್ ನೋಡುತ್ತವೆ. ಆದರೆ ಒಮ್ಮೆ ಸೀಟು ಕೊಟ್ಟರೆ ಕೊರತೆ ತುಂಬುತ್ತವೆ. ಬಹಳಷ್ಟು ಕಾಲೇಜುಗಳು ಇದ್ಯಾವುದನ್ನೂ ಮಾಡುವುದಿಲ್ಲ. ವರ್ಷಕ್ಕೆ 20 ಸಾವಿರ ಡಾಲರ್ ಸ್ಕಾಲರ್‌ಶಿಪ್ ಕೊಟ್ಟು ಅಭಿನಂದನೆ ಎಂದು ಪತ್ರ ಕಳಿಸುತ್ತವೆ. ಉಳಿದ 50–60 ಸಾವಿರ ನೀವೇ ಕಟ್ಟಬೇಕು. ಅಂಥ ಪತ್ರ ನೋಡಿ ಖುಷಿಯಲ್ಲಿ ತೋಟ ಬರೆದುಕೊಡಬೇಡಿ. ಎಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆ ಬಂದವರು ಸಾಲ ತೀರಿಸುವ ಲೆಕ್ಕ ಬೇರೆ. ಈ ಪದವಿಗೆ ಆ ಲೆಕ್ಕ ಹೊಂದುವುದಿಲ್ಲ.

ಅದೇ ತಂದೆ: ಸಹಾಯ ಬೇಕು ಎಂದು ಬರೆದರೆ ಸೀಟೇ ತಪ್ಪುತ್ತದೆ, ಸದ್ಯಕ್ಕೆ ಬೇಡ ಎಂದು ಬರೆಯಿರಿ ಅಂತ ಒಬ್ಬ ಏಜೆಂಟ್ ಹೇಳಿದರು.

ಉತ್ತರ: ಅರ್ಧ ನಿಜ. ಹಣ ನೋಡುವ ಕಾಲೇಜಿನಲ್ಲಿ ಸಹಾಯ ಕೇಳಿದರೆ ಅವಕಾಶ ಕಡಿಮೆಯಾಗುತ್ತದೆ. ಆದರೆ ಅವರು ಹೇಳದ ಇನ್ನರ್ಧ ಇದೆ. ಅರ್ಜಿ ಹಾಕುವಾಗ ಕೇಳದ ವಿದೇಶಿ ವಿದ್ಯಾರ್ಥಿ ಮುಂದೆ ನಾಲ್ಕೂ ವರ್ಷ ಕೇಳುವಂತಿಲ್ಲ ಎಂಬ ನಿಯಮ ಎಷ್ಟೋ ಕಾಲೇಜುಗಳಲ್ಲಿದೆ. ನನ್ನ ಮುಂದೆ ಕೂತು ಅತ್ತ ಹುಡುಗಿಯೊಬ್ಬಳು ಇನ್ನೂ ನೆನಪಾಗುತ್ತಾಳೆ. ಅಪ್ಪ "ಬೇಡ" ಎಂದು ಗುರುತು ಹಾಕಿದ್ದರು. ಎರಡನೇ ವರ್ಷ ಅವರ ವ್ಯಾಪಾರ ಬಿತ್ತು. ಚೆನ್ನಾಗಿ ಓದುತ್ತಿದ್ದವಳು, ಅರ್ಧಕ್ಕೇ ಊರಿಗೆ ಹೋದಳು. ನಾನು ನಾಲ್ಕು ಬಾಗಿಲು ತಟ್ಟಿದೆ, ಏನೂ ಆಗಲಿಲ್ಲ.

ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ ಮೇಷ್ಟ್ರೇ. ಸಿಎಸ್‌ಎಸ್ ಪ್ರೊಫೈಲ್ ಎಂದು ಸಹಾಯ ಕೇಳುವ ಫಾರಂ ಇರುತ್ತದೆ. ಸಂಬಳ, ತೋಟ, ಸಾಲ, ಮನೆಯಲ್ಲಿರುವ ವಯಸ್ಸಾದವರ ಖರ್ಚು, ಇದ್ದದ್ದು ಇದ್ದ ಹಾಗೆ ಬರೆಯಿರಿ. ಅಡಿಕೆ ರೇಟು ಒಂದೊಂದು ವರ್ಷ ಒಂದೊಂದು ಥರ, ಕೊಳೆರೋಗ ಬಂದರೆ ಫಸಲೇ ಕೈಗೆ ಹತ್ತುವುದಿಲ್ಲ ಅಲ್ವಾ? ಅದನ್ನೂ ವಿವರಣೆಯ ಜಾಗದಲ್ಲಿ ಬರೆಯಿರಿ. ಇಲ್ಲಿ ಕೂತು ಓದುವವರಿಗೆ ಅದು ಗೊತ್ತಿರುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿಯ ಒಬ್ಬ ತಾಯಿ): ಮೇಡಂ, ಅಲ್ಲೇ ಬಯಾಲಜಿ ಓದಿ ಆಮೇಲೆ ಅಲ್ಲೇ ಡಾಕ್ಟರ್ ಆಗಬಹುದಲ್ರೀ?

ಉತ್ತರ: ಅದನ್ನು ನಂಬಿಕೊಂಡು ಕಳಿಸಬೇಡಿ ಅಮ್ಮ. ಅಮೆರಿಕದ ಹೆಚ್ಚಿನ ಮೆಡಿಕಲ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಡಾಕ್ಟರೇ ಆಗಬೇಕು ಎಂದಿದ್ದರೆ ನೀಟ್ ಬರೆಯಲಿ.

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿನಿ): ಅಕ್ಕ, ನನಗೆ ಸೀಟು ಸಿಕ್ಕಿದೆ, ಸಹಾಯವೂ ಸಿಕ್ಕಿದೆ. ವೀಸಾ ಸಂದರ್ಶನದ್ದೇ ಭಯ. ಓದಿದ ಮೇಲೆ ಅಲ್ಲಿ ಎಷ್ಟು ದಿನ ಕೆಲಸ ಮಾಡಬಹುದು?

ಉತ್ತರ: ತುಂಬಾ ಸಂತೋಷ ಪುಟ್ಟಿ! ಸಂದರ್ಶನ ಎರಡು–ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಏನು ಓದುತ್ತೀಯ ಎಂದು ಕೇಳಿದಾಗ "ಇನ್ನೂ ಗೊತ್ತಿಲ್ಲ" ಎನ್ನಬೇಡ. ಅದು ನಿಜವೇ ಇರಬಹುದು, ಆದರೆ ಕೇಳುವವರಿಗೆ ಗುರಿ ಇಲ್ಲದ ಮಾತಿನಂತೆ ಕೇಳಿಸುತ್ತದೆ. "ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎರಡರಲ್ಲೂ ಆಸಕ್ತಿ, ಎರಡನೇ ವರ್ಷ ಆರಿಸಿಕೊಳ್ಳುತ್ತೇನೆ, ಈ ಕಾಲೇಜಿನಲ್ಲಿ ಅದಕ್ಕೆ ಅವಕಾಶ ಇದೆ" ಎಂದು ನಿನ್ನ ಮಾತಿನಲ್ಲೇ ಹೇಳು. ಖರ್ಚು ಯಾರು ಕೊಡುತ್ತಾರೆ ಎಂದರೆ ವೀಸಾಕ್ಕೆಂದು ಕಾಲೇಜು ಕೊಡುವ ಐ–20 ಪತ್ರದಲ್ಲಿರುವ ಅಂಕಿಯನ್ನೇ ಹೇಳು. ಬಾಯಿಪಾಠ ಬೇಡ.

ಕೆಲಸದ ವಿಷಯ. ಓದುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ ಮಾಡಬಹುದು. ಲೈಬ್ರರಿ, ಊಟದ ಹಾಲ್, ಹೀಗೆ. ಪದವಿ ಆದ ಮೇಲೆ ಒಪಿಟಿ ಎಂಬ ಕೆಲಸದ ಅನುಮತಿಯಲ್ಲಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಾದರೆ ಇನ್ನೂ 24 ತಿಂಗಳಿಗೆ ಅರ್ಜಿ ಹಾಕಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಅರ್ಥಶಾಸ್ತ್ರ ಎಂಬ ಒಂದೇ ಹೆಸರಿನ ವಿಷಯ ಒಂದು ಕಾಲೇಜಿನಲ್ಲಿ ಸ್ಟೆಮ್, ಇನ್ನೊಂದರಲ್ಲಿ ಅಲ್ಲ. ಕಾಲೇಜಿನವರು ಆ ವಿಷಯಕ್ಕೆ ಯಾವ ಕೋಡ್ ಕೊಟ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. 45.0603 ಇದ್ದರೆ ಸ್ಟೆಮ್. ಮುಖ್ಯ ವಿಷಯ ಆರಿಸುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳು. ಈ ನಿಯಮಗಳು ಬದಲಾಗಬಹುದು, ಹಾಗಾಗಿ ಪ್ರತಿ ವರ್ಷ ಕೇಳು.

ಯಾರೂ ಮೊದಲೇ ಹೇಳದ ಇನ್ನೊಂದು ವಿಷಯ: ಸ್ಕಾಲರ್‌ಶಿಪ್ ಮೇಲೂ ತೆರಿಗೆ ಇದೆ. ಟ್ಯೂಷನ್ ಭಾಗಕ್ಕೆ ಇಲ್ಲ, ಊಟ–ವಸತಿಯ ಭಾಗಕ್ಕೆ ಇದೆ. ಅದು 15 ಸಾವಿರ ಡಾಲರ್ ಆದರೆ, 14 ಪರ್ಸೆಂಟ್ ಲೆಕ್ಕದಲ್ಲಿ 2,100 ಡಾಲರ್ ಹಿಡಿಯುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ಮಕ್ಕಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದ ಒಂದು ಭಾಗಕ್ಕೆ ತೆರಿಗೆ ವಿನಾಯಿತಿ) ಸಿಗುತ್ತದೆ. ಹಾಗಾಗಿ ರಿಟರ್ನ್ಸ್ ಹಾಕಿದರೆ ದೊಡ್ಡ ಪಾಲು ವಾಪಸ್ ಬರಬಹುದು. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಆ ಹಣ ಕೈಯಲ್ಲಿರಬೇಕು. ಅಪ್ಪನಿಗೆ ಈಗಲೇ ಹೇಳಿಡು.

ಶಿವಮೊಗ್ಗದ ತಂದೆ: ಮೇಡಂ, ಅರ್ಜಿ ಹಾಕಿಸೋಣ ಎಂದು ಮನೆಯಲ್ಲಿ ಮಾತಾಯಿತು. ಅವಳ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅರ್ಜಿಯಲ್ಲಿ ಕೌನ್ಸೆಲರ್ ತುಂಬಬೇಕಾದ ಭಾಗವನ್ನು ಪ್ರಿನ್ಸಿಪಾಲರೇ ತುಂಬಿಕೊಡಬಹುದು, ತೊಂದರೆ ಇಲ್ಲ. ಒಂಬತ್ತನೇ ತರಗತಿಯಿಂದ ಇಲ್ಲಿವರೆಗಿನ ಅಂಕಪಟ್ಟಿ ಬೇಕು. ಅವಳನ್ನು ಚೆನ್ನಾಗಿ ಬಲ್ಲ ಇಬ್ಬರು ಲೆಕ್ಚರರ್‌ಗಳ ಪತ್ರ ಬೇಕು. "ಒಳ್ಳೆಯ ವಿದ್ಯಾರ್ಥಿನಿ" ಎಂದು ಸುಮ್ನೆ ಒಂದು ಸಾಲು ಸಾಲದು. ತರಗತಿಯಲ್ಲಿ ಅವಳು ಕೇಳಿದ ಒಂದು ಪ್ರಶ್ನೆ ನೆನಪಿಟ್ಟು ಬರೆಯಲಿ. ಅರ್ಜಿಯ ಕೊನೆ ದಿನ ಹೆಚ್ಚಿನ ಕಡೆ ಜನವರಿ ಮೊದಲ ಎರಡು ವಾರದಲ್ಲಿ ಬರುತ್ತದೆ. ಪ್ರಿಪರೇಟರಿ ಪರೀಕ್ಷೆಯೂ ಆಗಲೇ ಇರುತ್ತದೆ, ಆದ್ದರಿಂದ ಪ್ರಬಂಧ ದಸರಾ ರಜೆಯಲ್ಲೇ ಮುಗಿಸಲಿ. ಅರ್ಜಿಯ ಶುಲ್ಕ ಕಟ್ಟುವುದು ಕಷ್ಟವಾದರೆ ಮಾಫಿ ಮಾಡುತ್ತೀರಾ ಎಂದು ಕಾಲೇಜಿಗೇ ಮೇಲ್ ಬರೆದು ಕೇಳಲಿ.

ನೀವು ಈ ವಾರ ಫಾರಂ 16, ಪಹಣಿ, ಅಡಿಕೆ ಮಂಡಿಯ ಕಳೆದ ಎರಡು ವರ್ಷದ ಲೆಕ್ಕದ ಚೀಟಿ ತೆಗೆದಿಡಿ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ.