ಚಿಕ್ಕಪ್ಪ, ಆ ವಿಡಿಯೋ ಬಗ್ಗೆ

ಚಿಕ್ಕಪ್ಪ, ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ ಅಂತ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಕೇಳಿ.

ನಿನ್ನೆ ನೀವು ನಮ್ಮ ಮನೆಯವರ ಗ್ರೂಪ್‌ಗೆ ಹಾಕಿದ ವಿಡಿಯೋ ನೋಡಿದೆ. ಅಮೆರಿಕದ ಯಾವುದೋ ಪಾರ್ಕಿಂಗ್ ಜಾಗ, ಗುಂಡು ತಗುಲಿ ಬಿದ್ದ ಮನುಷ್ಯ, ಸುತ್ತ ಹತ್ತು ಹದಿನೈದು ಜನ. "ಇಷ್ಟು ಜನರಲ್ಲಿ ಒಬ್ಬನಿಗೂ ಗುಂಡಿಗೆ ಇಲ್ಲವೇ?" ಅಂತ ಬರೆದಿದ್ದಿರಿ. ರಘು ಕೇಳಿದ್ದ, "ಅಲ್ಲಿ ಎಲ್ಲರ ಹತ್ತಿರವೂ ಗನ್ ಇರುತ್ತಲ್ಲ ಅಕ್ಕ, ಒಬ್ಬನಾದರೂ ತೆಗೆದು ಹೊಡೆಯಬಾರದಿತ್ತಾ?" ಅಂತ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆ ಸುಮ್ಮನೆ ನೋಡಿದವರಲ್ಲಿ ನಾನೂ ಒಬ್ಬಳು. ಆ ವಿಡಿಯೋದಲ್ಲಿ ಅಲ್ಲ. ಇಲ್ಲಿ, ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ, ಈ ಸಲದ ಯುಗಾದಿಯ ಹಿಂದಿನ ದಿನ. ನೀವೆಲ್ಲ ಗಾಬರಿ ಆಗುತ್ತೀರಿ ಅಂತ ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಬೇವಿನ ಸೊಪ್ಪು, ಮಾವಿನೆಲೆ ತರಲು ಇಂಡಿಯನ್ ಅಂಗಡಿಗೆ ಹೋಗಿದ್ದೆವು. ಕಾರಿನಲ್ಲಿ ನಾನು, ಹಿಂದಿನ ಸೀಟಿನಲ್ಲಿ ಪುಟ್ಟಿ. ಇಬ್ಬರು ಗಂಡಸರು ಕಾರು ನಿಲ್ಲಿಸುವ ಜಾಗಕ್ಕೆ ಜಗಳ ಆಡುತ್ತಿದ್ದರು. ಆಮೇಲೆ ಒಂದು ಸದ್ದು. ಮರದ ಹಲಗೆಯನ್ನು ಎತ್ತರದಿಂದ ನೆಲಕ್ಕೆ ಹಾಕಿದ ಹಾಗೆ. ಇನ್ನೊಂದು. ನಾನು ಹಿಂದಕ್ಕೆ ಕೈ ಚಾಚಿ ಪುಟ್ಟಿಯ ತಲೆಯನ್ನು ಕೆಳಗೆ ಒತ್ತಿದೆ, ಅಷ್ಟೇ. ಹೊಡೆದವನು ಕಾರು ಹತ್ತಿ ಹೋದ. ಬಿದ್ದವನು ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ. ಕೈಯಲ್ಲಿ ಕಾರಿನ ಕೀ ಹಾಗೇ ಇತ್ತು.

ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿದೆ. ಎಲ್ಲಿದ್ದೀರಿ ಅಂತ ಮೊದಲು ಕೇಳಿದರು. ಆರು ವರ್ಷದಿಂದ ವಾರಕ್ಕೊಮ್ಮೆ ಹೋಗುವ ಅಂಗಡಿ ಅದು, ರಸ್ತೆಯ ಹೆಸರು ಬಾಯಿಗೆ ಬರಲಿಲ್ಲ. "ಇಂಡಿಯನ್ ಸ್ಟೋರ್, ಇಂಡಿಯನ್ ಸ್ಟೋರ್" ಅಂತ ಅದನ್ನೇ ಹೇಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಲಾಂಡ್ರಿಯಿಂದ ಮೆಕ್ಸಿಕೋದ ಕಡೆಯ ಒಬ್ಬ ವಯಸ್ಸಾದ ಹೆಂಗಸು ಓಡಿ ಬಂದರು. ಮಂಡಿಯೂರಿ ಕೂತು, ಕೈಯಲ್ಲಿದ್ದ ಟವೆಲ್ಲನ್ನು ಅವನ ತೊಡೆಗೆ ಒತ್ತಿ ಹಿಡಿದರು. ಆಂಬುಲೆನ್ಸ್ ಬರುವವರೆಗೂ ಕೈ ತೆಗೆಯಲಿಲ್ಲ. ನನ್ನ ಕೊರಳಲ್ಲಿ ಹತ್ತಿ ದುಪಟ್ಟಾ ಇತ್ತು ಚಿಕ್ಕಪ್ಪ. ನಾನು ಕಾರಿನ ಬಾಗಿಲು ತೆಗೆಯಲಿಲ್ಲ.

ಅವನು ಬದುಕಿದ. ಮರುದಿನ ಅಂಗಡಿಯವರು ಹೇಳಿದರು.

ರಘು, ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ಪಾರ್ಕಿಂಗ್‌ನಲ್ಲಿ ಇನ್ನೂ ಕೆಲವರ ಹತ್ತಿರ ಗನ್ ಇದ್ದಿರಬಹುದು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೇ ಸೊಂಟದಲ್ಲಿ ಗನ್ ಇಟ್ಟುಕೊಂಡು ಓಡಾಡಬಹುದು. ದೇಶದಲ್ಲಿ ಜನರಿಗಿಂತ ಬಂದೂಕೇ ಜಾಸ್ತಿ, 100 ಜನಕ್ಕೆ ಸುಮಾರು 120. ನಾನು ಬಂದ ಹೊಸತರಲ್ಲಿ ಆಫೀಸಿನವರು ಹೇಳಿದ ಮೊದಲ ಮಾತು, ರಸ್ತೆಯಲ್ಲಿ ಯಾರಿಗೂ ಹಾರ್ನ್ ಹೊಡೆಯಬೇಡ ಅಂತ.

ಆದರೆ ತೆಗೆದು ಹೊಡೆದರೆ ಏನಾಗುತ್ತದೆ ಗೊತ್ತಾ? 2021ರ ಜೂನ್‌ನಲ್ಲಿ ಕೊಲರಾಡೋದ ಅರ್ವಾಡಾ ಅನ್ನುವ ಊರಿನಲ್ಲಿ ಒಬ್ಬ ಪೊಲೀಸರೊಬ್ಬರನ್ನು ಕೊಂದ. ಅಂಗಡಿಯೊಳಗಿದ್ದ ಒಬ್ಬರು ಹೊರಗೆ ಓಡಿ ಬಂದು ಆ ಕೊಲೆಗಾರನಿಗೆ ಗುಂಡು ಹೊಡೆದರು. ಅವನ ಬಂದೂಕನ್ನು ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಬಂದ ಇನ್ನೊಬ್ಬ ಪೊಲೀಸ್, ಇವರೇ ಕೊಲೆಗಾರ ಅಂದುಕೊಂಡು ಇವರನ್ನೇ ಹೊಡೆದರು. ಪ್ರಾಣ ಹೋಯಿತು. ಮರುವರ್ಷ ಇಂಡಿಯಾನಾದ ಒಂದು ಮಾಲ್‌ನಲ್ಲಿ 22 ವರ್ಷದ ಹುಡುಗ ಹೀಗೇ ತಡೆದ, ಬದುಕಿದ. ಅದೂ ನಿಜ. ಆದರೆ ಯಾರು ಒಳ್ಳೆಯವರು, ಯಾರು ಕೊಲೆಗಾರ ಅಂತ ಆ ಕ್ಷಣದಲ್ಲಿ ದೂರದಿಂದ ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ಚಿಕ್ಕಪ್ಪ, ನೀವು 2017ರಲ್ಲಿ ಕ್ಯಾನ್ಸಸ್‌ನ ಒಲೇಥದಲ್ಲಿ ನಡೆದದ್ದನ್ನು ನೆನಪಿಸಿದಿರಿ. ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಗುಂಡೇಟಿಗೆ ಸತ್ತದ್ದು, ಹೊಡೆದವನನ್ನು ತಡೆಯಲು ಅಡ್ಡ ಹೋದ 24 ವರ್ಷದ ಅಮೆರಿಕನ್ ಹುಡುಗ ಗುಂಡು ತಿಂದದ್ದು. ಅವನ ದೊಡ್ಡತನಕ್ಕೆ ನಾನೂ ಕೈ ಮುಗಿಯುತ್ತೇನೆ. ಹ್ಯೂಸ್ಟನ್‌ನ ನಮ್ಮ ಭಾರತೀಯರು ಅವನು ಮನೆ ಕೊಳ್ಳಲಿ ಅಂತ 1 ಲಕ್ಷ ಡಾಲರ್ ಕೂಡಿಸಿ ಕೊಟ್ಟರು. ಆದರೆ ಅವನು ಆಮೇಲೆ ಹೇಳಿದ್ದು ಕೇಳಿದ್ದೀರಾ? ಮರೆಯಲ್ಲಿ ಕೂತು ಗುಂಡು ಎಣಿಸಿದನಂತೆ. ಮುಗಿಯಿತು ಅಂದುಕೊಂಡು ಎದ್ದನಂತೆ. ಇನ್ನೂ ಇತ್ತು. ಕೈ ತೂರಿ ಎದೆಗೆ ಹೊಕ್ಕಿತು.

ಇನ್ನು ಯುವಾಲ್ಡಿ. ಅದೂ ಟೆಕ್ಸಾಸೇ. 2022ರ ಮೇ 24. ಶಾಲೆಯಲ್ಲಿ 19 ಮಕ್ಕಳು, 2 ಟೀಚರ್‌ಗಳು ಸತ್ತರು. 376 ಜನ ಪೊಲೀಸರು ಬಂದಿದ್ದರು. ತರಬೇತಿ ಇತ್ತು, ಆಯುಧ ಇತ್ತು. ಆ ಕೊಲೆಗಾರನನ್ನು ಹೊಡೆದು ಹಾಕಲು 77 ನಿಮಿಷ ಹಿಡಿಯಿತು. ಒಳಗೆ ಬಿಡಿ ಅಂತ ಗೋಗರೆಯುತ್ತಿದ್ದ ಅಪ್ಪ ಅಮ್ಮಂದಿರನ್ನು ಹೊರಗೇ ತಡೆದು ನಿಲ್ಲಿಸಿದರು. ಆ ಪೊಲೀಸರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದು ಅವರ ಕೆಲಸವಾಗಿತ್ತು. ಆದರೆ ಸೊಪ್ಪು ತರಲು ಹೋದವರನ್ನು ಅದೇ ತಕ್ಕಡಿಯಲ್ಲಿ ತೂಗಬೇಡಿ.

ಚಿಕ್ಕಮ್ಮ, ನಮ್ಮ ಕೊಡಗಿನಲ್ಲೂ ಕೋವಿ ಇದೆಯಲ್ಲ ಅಂತ ನೀವು ಬರೆದದ್ದೂ ಸರಿ. ನಿಮ್ಮ ತವರು ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ತೋಕ್ ಪೂವ್ ಅನ್ನುವ ಹೂವು ಇಟ್ಟು ಪೂಜೆ ಮಾಡುವುದನ್ನು ನಾನೇ ನೋಡಿದ್ದೇನೆ. ಆ ಕೋವಿ ಮನೆತನದ್ದು. ಯಾರ ಕೈಯಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಇಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಇನ್ನೊಬ್ಬನಿಗೆ ಖಾಸಗಿಯಾಗಿ ಮಾರಿದರೆ, ಕೊಳ್ಳುವವನ ಹಿನ್ನೆಲೆ ನೋಡಬೇಕು ಅನ್ನುವ ಕಾನೂನೂ ಇಲ್ಲ. ಎರಡೂ ಬಂದೂಕೇ, ಆದರೆ ಒಂದೇ ಅಲ್ಲ ಅಲ್ವಾ?

ಅದಾದ ಮೇಲೆ ಎರಡು ತಿಂಗಳು ನಾನು ಆ ಅಂಗಡಿಗೆ ಹೋಗಲಿಲ್ಲ. ಪುಟ್ಟಿ ಏನೂ ಕೇಳಲಿಲ್ಲ, ಅದೇ ನನಗೆ ಹೆಚ್ಚು ನೋವು. ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಅಂತ, ಶಾಲೆಯಲ್ಲಿ ದೀಪ ಆರಿಸಿ, ಬಾಗಿಲಿಗೆ ಕಾಣದ ಗೋಡೆಯ ಪಕ್ಕ ಸದ್ದಿಲ್ಲದೆ ಕೂರುವುದನ್ನು ಅವಳಿಗೆ ಆಗಲೇ ಕಲಿಸಿದ್ದಾರೆ. ನಾನು ತಲೆ ಒತ್ತಿದಾಗ ಅವಳು ಒಂದು ಸದ್ದೂ ಮಾಡಲಿಲ್ಲ. ಏಳು ವರ್ಷದ ಮಗು.

ಆಮೇಲೆ ನಮ್ಮ ಲೈಬ್ರರಿಯಲ್ಲಿ "ಸ್ಟಾಪ್ ದಿ ಬ್ಲೀಡ್" ಅನ್ನುವ, ರಕ್ತ ಹರಿಯುವುದನ್ನು ನಿಲ್ಲಿಸಲು ಕಲಿಸುವ ಕ್ಲಾಸಿಗೆ ಹೋದೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಸತ್ತ ಮೇಲೆ ಡಾಕ್ಟರುಗಳು ಸೇರಿ ಯೋಚಿಸಿದ್ದರಿಂದ ಹುಟ್ಟಿದ್ದು ಇದು. ರಕ್ತ ಜೋರಾಗಿ ಹರಿದರೆ ಐದೇ ನಿಮಿಷದಲ್ಲಿ ಪ್ರಾಣ ಹೋಗಬಹುದು, ಆಂಬುಲೆನ್ಸ್ ಅಷ್ಟರಲ್ಲಿ ಬಾರದೆ ಇರಬಹುದು. ಗಾಯದೊಳಗೆ ಬಟ್ಟೆ ತುರುಕಿ, ಎರಡೂ ಕೈ ಇಟ್ಟು, ಮೈಭಾರ ಬಿಟ್ಟು ಒತ್ತಬೇಕು. ಹತ್ತಿ ದುಪಟ್ಟಾ ಆಗುತ್ತದಾ ಅಂತ ಕೇಳಿದೆ. "ಚೆನ್ನಾಗಿ ಆಗುತ್ತದೆ" ಅಂದರು ಕಲಿಸುತ್ತಿದ್ದವರು. ಮುಂದೆ ಸ್ವಲ್ಪ ಹೊತ್ತು ಅವರು ಹೇಳಿದ್ದೇನೂ ನನಗೆ ಕೇಳಿಸಲಿಲ್ಲ.

ರಘು, ಡಿಸೆಂಬರ್‌ನಲ್ಲಿ ಬಂದಾಗ ನಿನಗೆ ಕಲಿಸಿಕೊಡುತ್ತೇನೆ. ನೀನು ದಿನಾ ಬೈಕಿನಲ್ಲಿ ಹೈವೇ ಮೇಲೆ ಹೋಗುತ್ತೀಯ, ಬೇಕಾಗುತ್ತದೆ.

ಚಿಕ್ಕಪ್ಪ, ಆ ವಿಡಿಯೋ ದಯವಿಟ್ಟು ಡಿಲೀಟ್ ಮಾಡಿ. ಬಿದ್ದವನ ಮುಖ ಕಾಣುತ್ತಿದೆ.