ಐಹೊಳೆಯ ದುರ್ಗ ಗುಡಿಯ ಹಿಂಭಾಗ ದುಂಡಗಿರುವುದೇಕೆ?

ಪ್ರಶ್ನೆ: ಐಹೊಳೆಯ ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಇದು ಬೌದ್ಧ ಚೈತ್ಯದ (ಪ್ರಾರ್ಥನಾ ಮಂದಿರದ) ಅನುಕರಣೆಯೇ? ದುರ್ಗಾದೇವಿಯ ಗುಡಿಯಾಗಿದ್ದರೆ ಗರ್ಭಗುಡಿಯಲ್ಲಿ ದೇವಿಯ ಮೂರ್ತಿ ಏಕಿಲ್ಲ?

ಉತ್ತರ 1: ಹೆಸರೇ ದಾರಿ ತಪ್ಪಿಸುತ್ತದೆ. ಇಲ್ಲಿ ‘ದುರ್ಗ’ ಎಂದರೆ ಕೋಟೆ; ನಂತರದ ಕಾಲದಲ್ಲಿ ಕಟ್ಟಡವನ್ನು ಕೋಟೆಯ ಭಾಗವಾಗಿ ಬಳಸಿಕೊಂಡದ್ದರಿಂದ ಆ ಹೆಸರು ಉಳಿಯಿತು. ಬಾದಾಮಿ ಚಾಲುಕ್ಯರ ಕಾಲದ, ಸುಮಾರು 8ನೆಯ ಶತಮಾನದ ಈ ಗುಡಿಯ ಹೆಬ್ಬಾಗಿಲಿನ ಶಾಸನವು ಆದಿತ್ಯನ ಆಲಯವನ್ನು ಹೆಸರಿಸುವುದರಿಂದ, ಇದು ಮೂಲತಃ ಸೂರ್ಯನ ಗುಡಿಯೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಉತ್ತರ 2: ಚೈತ್ಯದ ಅನುಕರಣೆ ಎಂಬ ಹಳೆಯ ವಾದವನ್ನು ನಾನು ಒಪ್ಪುವುದಿಲ್ಲ. ಗಜಪೃಷ್ಠ, ಅಂದರೆ ಆನೆಬೆನ್ನಿನ ವಿನ್ಯಾಸ ಬೌದ್ಧರಿಗಷ್ಟೇ ಸೀಮಿತವಲ್ಲ. ಆಂಧ್ರದ ಗುಡಿಮಲ್ಲಂ ಶಿವಾಲಯವೂ ಹೀಗೆಯೇ ಇದೆ. ದುಂಡು ಗೋಡೆಯನ್ನು ಬಳಸಿ ಸಾಗುವ ಕಂಬಸಾಲಿನ ಪ್ರದಕ್ಷಿಣಾಪಥದಲ್ಲಿ ನಿಧಾನವಾಗಿ ನಡೆದರೆ, ಗೂಡುಗಳಲ್ಲಿ ವರಾಹ, ನರಸಿಂಹ, ಹರಿಹರ, ಮಹಿಷಮರ್ದಿನಿಯರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಮೇಲಿನ ಶಿಖರ ಮಾತ್ರ ಉತ್ತರ ಭಾರತದ ರೇಖಾನಾಗರ ಶೈಲಿಯದು, ಅರ್ಧಕ್ಕೇ ಮುರಿದಿದೆ.

ಪ್ರಶ್ನೆ ಕೇಳಿದವರು: ಅಂಗಳದಲ್ಲಿ ನೆಲ್ಲಿಕಾಯಿಯಂತೆ ಎಳೆ ಎಳೆಯಾಗಿ ಕೊರೆದ ದೊಡ್ಡ ದುಂಡುಗಲ್ಲೊಂದು ಬಿದ್ದಿತ್ತು. ಅದು ಶಿಖರದ್ದೇ?

ಉತ್ತರ 2: ಹೌದು, ಅದೇ ಆಮಲಕ, ಶಿಖರದ ತುದಿಯಲ್ಲಿ ಕೂರಿಸುವ ಕಲ್ಲು.